ಕಿಬ್ಲಾ (ನಮಾಜಿನಲ್ಲಿ ಮುಖ ಮಾಡುವ ದಿಕ್ಕು) ಒಂದೇ, ಕೈ ಕಟ್ಟುವ ಬಗೆ ಬೇರೆ: ಇಸ್ಲಾಮಿನ ಶಾಖೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ?

ಪ್ರಶ್ನೆ: ನಮ್ಮ ಕಚೇರಿಯ ಪ್ರಾರ್ಥನಾ ಕೊಠಡಿಯಲ್ಲಿ ಇಬ್ಬರು ಸಹೋದ್ಯೋಗಿಗಳು ಅಕ್ಕಪಕ್ಕ ನಿಂತು ನಮಾಜ್ ಮಾಡುತ್ತಿದ್ದರು. ಒಬ್ಬರು ಎದೆಯ ಕೆಳಗೆ ಕೈ ಕಟ್ಟಿದ್ದರು. ಇನ್ನೊಬ್ಬರು ಕೈ ಇಳಿಬಿಟ್ಟು ನಿಂತಿದ್ದರು, ಹಣೆ ಇಡುವ ಜಾಗದಲ್ಲಿ ಮಣ್ಣಿನ ಸಣ್ಣ ಬಿಲ್ಲೆಯೊಂದನ್ನು ಇಟ್ಟುಕೊಂಡಿದ್ದರು. ದೇವರು ಒಬ್ಬನೇ, ಪ್ರವಾದಿ ಒಬ್ಬರೇ, ಗ್ರಂಥ ಒಂದೇ ಅಂದಮೇಲೆ ಇಷ್ಟೊಂದು ಶಾಖೆಗಳು ಹುಟ್ಟಿದ್ದು ಹೇಗೆ? ಶಿಯಾಗಳ ಕುರ್‌ಆನ್ ಬೇರೆ ಎಂದು ಕೆಲವರು ಹೇಳುತ್ತಾರೆ, ನಿಜವೇ? ಇವರ ಜಗಳ ಧರ್ಮದ್ದೋ ರಾಜಕೀಯದ್ದೋ? ಒಬ್ಬರ ಹಿಂದೆ ಇನ್ನೊಬ್ಬರು ನಿಂತು ನಮಾಜ್ ಮಾಡಬಹುದೇ?

ಉತ್ತರ:

ಕುರ್‌ಆನ್ ಬಗೆಗಿನ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದವಕ್ಕೆ ಉದ್ದದ ಉತ್ತರ ಬೇಕು, ಇದಕ್ಕೆ ಬೇಡ. ಶಿಯಾಗಳ ಕುರ್‌ಆನ್ ಬೇರೆಯಲ್ಲ. ತೆಹ್ರಾನ್‌ನಲ್ಲಿ ಅಚ್ಚಾದ ಪ್ರತಿ, ಕೈರೋದಲ್ಲಿ ಅಚ್ಚಾದ ಪ್ರತಿ, ಮಸ್ಕತ್‌ನ ಮಸೀದಿಯ ಕಪಾಟಿನಲ್ಲಿರುವ ಪ್ರತಿ, ಈ ಮೂರನ್ನೂ ಮುಂದಿಟ್ಟುಕೊಂಡು ಓದಿದರೆ ಅದೇ 114 ಸೂರಾಗಳು (ಅಧ್ಯಾಯಗಳು), ಅದೇ ಅನುಕ್ರಮ, ಅದೇ ಮಾತುಗಳು. ಪ್ರವಾದಿಯವರ ನಂತರ ಸಮುದಾಯದ ಮುಂದಾಳಾದ ಖಲೀಫರಲ್ಲಿ ಮೂರನೆಯವರಾದ ಉಸ್ಮಾನ್ ಅವರ ಕಾಲದಲ್ಲಿ ಕ್ರೋಡೀಕರಿಸಿದ ಪಾಠವನ್ನೇ, ಅವರ ಖಿಲಾಫತ್ತನ್ನು ಒಪ್ಪದ ಶಿಯಾಗಳೂ ಓದುತ್ತಾರೆ. ಆರಂಭದ ಶತಮಾನಗಳ ಕೆಲವು ಶಿಯಾ ವರದಿಗಳಲ್ಲಿ ಪಾಠದಿಂದ ಏನೋ ಬಿಟ್ಟುಹೋಗಿದೆ ಎಂಬ ಮಾತು ಬರುವುದುಂಟು. ಆ ಮಾತನ್ನೇ ಹಿಡಿದು ವಾದಿಸಿದವರೂ ಆಮೇಲೆ ಇದ್ದರು. ಆದರೆ ಅದನ್ನು ತಳ್ಳಿಹಾಕಿದವರೂ ಶಿಯಾ ವಿದ್ವಾಂಸರೇ. 991ರಲ್ಲಿ ತೀರಿಕೊಂಡ ಇಬ್ನ್ ಬಾಬವೈಹ್ ತಮ್ಮ ಪಂಥದ ನಂಬಿಕೆಗಳನ್ನು ಬರೆದಿಡುವಾಗ, ಜನರ ಕೈಯಲ್ಲಿ ಎರಡು ರಟ್ಟುಗಳ ನಡುವೆ ಇರುವುದೇ ಕುರ್‌ಆನ್, ಅದಕ್ಕಿಂತ ಹೆಚ್ಚಿನದು ಯಾವುದೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಸಾವಿರ ವರ್ಷಗಳ ಹಿಂದೆಯೇ ತೀರ್ಮಾನವಾದ ವಿಷಯವನ್ನು ಇಂದಿಗೂ ಗಾಳಿಮಾತಾಗಿ ತೇಲಿಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿ ಹೇಳಬೇಕು. ಕುರ್‌ಆನ್ ಓದಿಗೆ ಹಲವು ಅಂಗೀಕೃತ ಪಠಣ ಪರಂಪರೆಗಳಿವೆ. ಮೊರಾಕೊ, ಅಲ್ಜೀರಿಯಾ ಕಡೆ ವರ್ಶ್ ಪರಂಪರೆ ನಡೆದುಬಂದಿದೆ. ಜಗತ್ತಿನ ಹೆಚ್ಚಿನ ಭಾಗದಲ್ಲಿ ಹಫ್ಸ್ ಪರಂಪರೆಯಿದೆ. ಮೊದಲ ಸೂರಾವಾದ ಫಾತಿಹಾದಲ್ಲೇ ಒಂದು ಪದವನ್ನು ಹಫ್ಸ್ ಓದುವವರು 'ಮಾಲಿಕಿ' ಎಂದು ದೀರ್ಘವಾಗಿ ಎಳೆಯುತ್ತಾರೆ, 'ತೀರ್ಪಿನ ದಿನದ ಒಡೆಯ' ಎಂದರ್ಥ. ವರ್ಶ್ ಓದುವವರು 'ಮಲಿಕಿ' ಎಂದು ಹ್ರಸ್ವವಾಗಿ ಓದುತ್ತಾರೆ, 'ತೀರ್ಪಿನ ದಿನದ ಅರಸ' ಎಂದರ್ಥ. ಎರಡೂ ಸರಿ ಎಂದು ಎಲ್ಲ ವಿದ್ವಾಂಸರೂ ಒಪ್ಪುತ್ತಾರೆ. ಈ ಹಫ್ಸ್ ಪರಂಪರೆಯ ಗುರುಸರಪಳಿ ಕೂಫಾ ನಗರದ ಆಸಿಮ್ ಮೂಲಕ, ಅವರ ಗುರು ಅಬೂ ಅಬ್ದುರ್ರಹ್ಮಾನ್ ಸುಲಮಿ ಮೂಲಕ ಪ್ರವಾದಿಯವರ ಅಳಿಯ ಅಲಿ ಇಬ್ನ್ ಅಬೀ ತಾಲಿಬ್ ಅವರಿಗೆ ಹೋಗಿ ಸೇರುತ್ತದೆ. ಅಂದರೆ ಜಗತ್ತಿನ ಬಹುಪಾಲು ಸುನ್ನಿಗಳು ದಿನವೂ ಕುರ್‌ಆನ್ ಓದುವುದು ಶಿಯಾಗಳು ಮೊದಲ ಇಮಾಮ್ ಎಂದು ಕೊಂಡಾಡುವ ಅಲಿಯವರಿಂದ ಬಂದ ಪಠಣದಲ್ಲಿ. ಶಿಯಾಗಳು ಓದುವುದು ಉಸ್ಮಾನರು ಕ್ರೋಡೀಕರಿಸಿದ ಪಾಠವನ್ನು.

ಇನ್ನು ನೀವು ಕಣ್ಣಾರೆ ಕಂಡದ್ದು: ಕಟ್ಟಿದ ಕೈ, ಇಳಿಬಿಟ್ಟ ಕೈ, ಮಣ್ಣಿನ ಬಿಲ್ಲೆ. ಈ ವಿಷಯವನ್ನು ವರ್ಷಗಳಿಂದ ಪಾಠ ಮಾಡುತ್ತ ಬಂದ ನನಗೆ ಮನದಟ್ಟಾದದ್ದು ಇಷ್ಟು: ಇಸ್ಲಾಮಿನ ಶಾಖೆಗಳ ವಿಷಯದಲ್ಲಿ ಕಣ್ಣಿಗೆ ಹೆಚ್ಚು ಬೀಳುವ ಭೇದ ಸಾಮಾನ್ಯವಾಗಿ ಅಷ್ಟು ಆಳದ್ದಲ್ಲ. ಆಳದ ಭೇದ ಕಣ್ಣಿಗೆ ಬೀಳುವುದಿಲ್ಲ. ರಕ್ತ ಹರಿಸಿದ ಭೇದ ಹುಟ್ಟುವುದು ಇವೆರಡಕ್ಕಿಂತ ಬೇರೆಯೇ ಜಾಗದಲ್ಲಿ. ಈ ಮೂರನ್ನು ಒಂದೇ ಗಂಟಿನಲ್ಲಿ ಕಟ್ಟಿಹಾಕಿದ್ದರಿಂದಲೇ ಗೊಂದಲವೆಲ್ಲ.

ಕೈ ಇಳಿಬಿಟ್ಟವರೆಲ್ಲ ಶಿಯಾ ಎಂದುಕೊಂಡರೆ ತಪ್ಪಾಗುತ್ತದೆ. ಪಶ್ಚಿಮ ಮತ್ತು ಉತ್ತರ ಆಫ್ರಿಕಾದ, ಮಾಲಿಕಿ ಎಂಬ ಶಾಸ್ತ್ರಪಂಥದ ಸುನ್ನಿಗಳಲ್ಲಿ ಬಹಳಷ್ಟು ಮಂದಿ ಕೈ ಇಳಿಬಿಟ್ಟೇ ನಮಾಜ್ ಮಾಡುತ್ತಾರೆ. ಸುನ್ನಿಯೂ ಶಿಯಾವೂ ಅಲ್ಲದ ಮೂರನೆಯ ಕವಲಿನವರಾದ ಒಮಾನಿನ ಇಬಾದಿಗಳೂ ಹಾಗೆಯೇ. ಮಣ್ಣಿನ ಬಿಲ್ಲೆಯ ಹಿಂದೆ ಒಂದು ಫಿಕ್‌ಹ್ ನಿಯಮವಿದೆ, ಅಂದರೆ ಧರ್ಮಶಾಸ್ತ್ರದ ನಿಯಮ. ಸಜ್ದಾದಲ್ಲಿ, ಅಂದರೆ ಬಾಗಿ ತಲೆಯಿಡುವಾಗ, ಹಣೆ ನೆಲಕ್ಕೆ ತಾಗಬೇಕು, ಇಲ್ಲವೇ ನೆಲದಲ್ಲಿ ಬೆಳೆದ, ಆದರೆ ತಿನ್ನಲು ಉಡಲು ಬಳಸದ ವಸ್ತುವಿಗೆ ತಾಗಬೇಕು ಎಂಬುದು ಶಿಯಾ ಶಾಸ್ತ್ರದ ವಿಧಿ. ನೂಲಿನ ಚಾಪೆಯ ಮೇಲೆ ನಿಂತವರು ಅದಕ್ಕಾಗಿ ಒಣಮಣ್ಣಿನ ಬಿಲ್ಲೆ ಇಟ್ಟುಕೊಳ್ಳುತ್ತಾರೆ. ಸಿಕ್ಕರೆ ಇರಾಕಿನ ಕರ್ಬಲಾದ ಮಣ್ಣಿನದು, ಸಿಗದಿದ್ದರೆ ಕಲ್ಲು, ಮರದ ಚೂರು, ಎಲೆ ಯಾವುದಾದರೂ ಆದೀತು. ಬಿಲ್ಲೆಗೆ ಯಾರೂ ತಲೆಬಾಗುತ್ತಿಲ್ಲ, ಬಿಲ್ಲೆಯ ಮೇಲೆ ತಲೆಯಿಡುತ್ತಿದ್ದಾರೆ.

ಇಂಥ ಆಚರಣೆಯ ಭೇದಗಳು ಸುನ್ನಿಗಳೊಳಗೇ ನೂರಾರಿವೆ. ಅಬೂ ಹನೀಫಾ (699–767), ಮಾಲಿಕ್ (711–795), ಶಾಫಿಈ (767–820), ಅಹ್ಮದ್ ಇಬ್ನ್ ಹಂಬಲ್ (780–855), ಈ ನಾಲ್ವರ ಹೆಸರಿನಲ್ಲಿ ನಾಲ್ಕು ಶಾಸ್ತ್ರಪಂಥಗಳು, ಅಂದರೆ ಮದ್‌ಹಬ್‌ಗಳು ಬೆಳೆದವು. ಅವರ ಸಂಬಂಧವನ್ನು ಸ್ವಲ್ಪ ಗಮನಿಸಿ: ಶಾಫಿಈಯವರು ಮಾಲಿಕರ ಶಿಷ್ಯ, ಅಬೂ ಹನೀಫಾರ ಶಿಷ್ಯರಾದ ಶೈಬಾನಿಯವರ ಬಳಿಯೂ ಕಲಿತವರು, ಅಹ್ಮದ್ ಇಬ್ನ್ ಹಂಬಲ್ ಶಾಫಿಈಯವರ ಶಿಷ್ಯ. ಗುರುವಿನ ತೀರ್ಪನ್ನು ಶಿಷ್ಯ ಒಪ್ಪದೆ, ಆದರೂ ಗುರುವನ್ನು ಕೊನೆತನಕ ಗೌರವಿಸುತ್ತ ಬಂದದ್ದರಿಂದಲೇ ಈ ನಾಲ್ಕು ಪಂಥಗಳು ರೂಪುಗೊಂಡವು. ಮಾಲಿಕರ ಹದೀಸ್ (ಪ್ರವಾದಿಯವರ ನಡೆನುಡಿಗಳ ವರದಿ) ಸಂಕಲನವನ್ನೇ ಇಡೀ ಸಾಮ್ರಾಜ್ಯಕ್ಕೆ ಕಾನೂನು ಮಾಡುತ್ತೇನೆಂದು ಅಬ್ಬಾಸಿ ಖಲೀಫ ಮುಂದೆ ಬಂದಾಗ ಸ್ವತಃ ಮಾಲಿಕರೇ ಬೇಡವೆಂದರು ಎಂಬ ಪ್ರಸಂಗವನ್ನು ಪರಂಪರೆ ಹೇಳುತ್ತದೆ. ಪ್ರವಾದಿಯವರ ಸಂಗಾತಿಗಳು ಬೇರೆಬೇರೆ ನಾಡುಗಳಿಗೆ ಹೋಗಿ ನೆಲೆಸಿದ್ದಾರೆ, ಅಲ್ಲಿನ ಜನ ಅವರಿಂದ ಕಲಿತದ್ದನ್ನು ಹಿಡಿದು ನಡೆಯುತ್ತಿದ್ದಾರೆ, ಅವರನ್ನು ಅವರ ಪಾಡಿಗೆ ಬಿಡಿ ಎಂಬುದು ಅವರ ನಿಲುವು.

ಈ ಧೋರಣೆಗೆ ಬೇರು ಪ್ರವಾದಿಯವರ ಕಾಲದಲ್ಲೇ ಇದೆ. ಬನೂ ಕುರೈಝಾ ಎಂಬ ಬುಡಕಟ್ಟಿನ ಕೋಟೆಯತ್ತ ಪಡೆಯನ್ನು ಕಳಿಸುವಾಗ ಪ್ರವಾದಿ ಮುಹಮ್ಮದರು, ಅಲ್ಲಿ ತಲುಪದೆ ಯಾರೂ ಅಸ್ರ್ (ಇಳಿಹೊತ್ತಿನ) ನಮಾಜ್ ಮಾಡಕೂಡದು ಎಂದರು. ದಾರಿಯಲ್ಲೇ ಹೊತ್ತು ಮೀರತೊಡಗಿತು. ಬೇಗ ಹೋಗಿ ಎಂಬುದಷ್ಟೇ ಆ ಮಾತಿನ ಆಶಯ ಎಂದುಕೊಂಡ ಕೆಲವರು ದಾರಿಯಲ್ಲೇ ನಮಾಜ್ ಮಾಡಿದರು. ಮಾತು ಮಾತೇ ಎಂದುಕೊಂಡ ಉಳಿದವರು ಹೊತ್ತು ಮೀರಿದರೂ ಸರಿ, ತಲುಪಿದ ಮೇಲೆಯೇ ಮಾಡಿದರು. ವಿಷಯ ಪ್ರವಾದಿಯವರ ಮುಂದೆ ಬಂದಾಗ ಅವರು ಎರಡು ಗುಂಪಿನಲ್ಲಿ ಯಾರನ್ನೂ ಗದರಲಿಲ್ಲ. ಬುಖಾರಿ ಸಂಕಲನದಲ್ಲಿ ಇರುವ ಈ ಹದೀಸನ್ನು ನಾನು ವಿದ್ಯಾರ್ಥಿಗಳಿಗೆ ಮೊದಲ ತರಗತಿಯಲ್ಲೇ ಹೇಳುತ್ತೇನೆ. ಮಾತಿನ ಅಕ್ಷರವೋ ಆಶಯವೋ ಎಂಬ ಈ ಎರಡು ಓದು ಅಂದು ಒಂದೇ ಪಡೆಯೊಳಗೆ ಇದ್ದವು. ಮುಂದೆ ಅವು ಶಾಸ್ತ್ರದ ಪಂಥಗಳಾಗಿ ಬೆಳೆದವು. ಅರಬಿಯಲ್ಲಿ ಇದಕ್ಕೆ ಇಖ್ತಿಲಾಫ್ ಎನ್ನುತ್ತಾರೆ. ಇಖ್ತಿಲಾಫಿನಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನೇ ಒಂದು ಶಿಸ್ತಾಗಿ, ಅದಬ್ ಎಂದು ಕಲಿಸುತ್ತಿದ್ದರು.

ಈಗ ಆಳದ ಭೇದಕ್ಕೆ ಬರುತ್ತೇನೆ. ಸುನ್ನಿ, ಶಿಯಾ, ಇಬಾದಿ ಎಂಬ ಮೂರು ದೊಡ್ಡ ಕವಲುಗಳು ಒಂದೇ ಪ್ರಶ್ನೆಯಿಂದ ಹುಟ್ಟಿದವು: ಪ್ರವಾದಿಯವರ ನಂತರ ಸಮುದಾಯದ ಮುಂದೆ ನಿಂತು ಮಾತಾಡುವ ಅಧಿಕಾರ ಯಾರದು?

632ರಲ್ಲಿ ಮದೀನಾದಲ್ಲಿ ಪ್ರವಾದಿಯವರು ತೀರಿಕೊಂಡರು. ಅಲಿ ಮತ್ತು ಮನೆಯವರು ಅಂತ್ಯಸಂಸ್ಕಾರದ ಸಿದ್ಧತೆಯಲ್ಲಿದ್ದಾಗ ಬನೂ ಸಾಇದಾ ಕುಲದವರ ಚಪ್ಪರದಡಿ ಸೇರಿದವರು ಚರ್ಚಿಸಿ ಅಬೂಬಕ್ಕರ್ ಅವರನ್ನು ಮುಂದಾಳಾಗಿ ಒಪ್ಪಿದರು. ಸುನ್ನಿ ಪರಂಪರೆಗೆ ಇದು ಸಮುದಾಯ ಕೂಡಿ ಮಾಡಿದ ಸರಿಯಾದ ಆಯ್ಕೆ. ಶಿಯಾಗಳಿಗೆ ಇದು ಆಗಬಾರದಿದ್ದ ಆಯ್ಕೆ, ಏಕೆಂದರೆ ಅವರ ದೃಷ್ಟಿಯಲ್ಲಿ ಪ್ರವಾದಿಯವರು ಅದೇ ವರ್ಷ ಹಜ್ಜ್‌ನಿಂದ ಮರಳುವಾಗ ಗದೀರ್ ಖುಮ್ ಎಂಬಲ್ಲಿ ಅಲಿಯವರನ್ನು ಆಗಲೇ ನೇಮಿಸಿದ್ದರು. ಗದೀರಿನಲ್ಲಿ ಪ್ರವಾದಿಯವರು, ನಾನು ಯಾರ 'ಮೌಲಾ'ನೋ ಅಲಿಯೂ ಅವರ ಮೌಲಾ ಎಂದರೆಂಬುದನ್ನು ಸುನ್ನಿ ಹದೀಸ್ ಸಂಕಲನಗಳೂ ದಾಖಲಿಸುತ್ತವೆ. ಘಟನೆಯ ಬಗ್ಗೆ ತಕರಾರಿಲ್ಲ. ಒಂದು ಪದದ ಅರ್ಥದ ಬಗ್ಗೆ ತಕರಾರು. ಅರಬಿಯಲ್ಲಿ ಮೌಲಾ ಎಂದರೆ ಒಡೆಯ, ಪೋಷಕ, ಆಪ್ತ, ಬಿಡುಗಡೆಗೊಂಡ ದಾಸ ಎಂದೆಲ್ಲ ಅರ್ಥವಾಗುತ್ತದೆ. ಶಿಯಾಗಳು ಒಡೆಯ ಎಂದು ಓದಿದರು. ಸುನ್ನಿಗಳು ಆಪ್ತ, ಪ್ರೀತಿಪಾತ್ರ ಎಂದು ಓದಿದರು.

ಮುಂದಿನ ಐವತ್ತು ವರ್ಷಗಳಲ್ಲಿ ಈ ಬಿರುಕಿಗೆ ರಕ್ತ ತಾಗಿತು. 656ರಲ್ಲಿ ಉಸ್ಮಾನರ ಹತ್ಯೆಯಾಯಿತು. ಅಲಿ ನಾಲ್ಕನೆಯ ಖಲೀಫರಾದರು. 657ರಲ್ಲಿ ಸಿರಿಯಾದ ಅಧಿಪತಿ ಮುಆವಿಯಾ ವಿರುದ್ಧ ಸಿಫ್ಫೀನ್ ಯುದ್ಧ ನಡೆದು, ತೀರ್ಮಾನವನ್ನು ಪಂಚಾಯಿತಿಗೆ ಬಿಡಲು ಅಲಿ ಒಪ್ಪಿದಾಗ ಅವರ ಪಡೆಯಲ್ಲೇ ಒಂದು ಗುಂಪು ಸಿಡಿದು ಹೊರಬಿತ್ತು; ಅವರೇ ಖಾರಿಜಿಗಳು. ಅವರಲ್ಲೊಬ್ಬ 661ರಲ್ಲಿ ಕೂಫಾದ ಮಸೀದಿಯಲ್ಲಿ ಅಲಿಯವರನ್ನು ಕೊಂದ. 680ರಲ್ಲಿ, ಹಿಜರಿ 61ರ ಮೊಹರಂ ಹತ್ತರಂದು, ಮುಆವಿಯಾನ ಮಗ ಯಜೀದನ ಸೈನ್ಯ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೈನರನ್ನು, ಅವರ ಬಂಧುಗಳನ್ನು, ಸಂಗಾತಿಗಳನ್ನು ನೀರು ಕೊಡದೆ ಕೊಂದಿತು. ಹುಸೈನರಿಗಾಗಿ ಸುನ್ನಿಗಳೂ ಮರುಗುತ್ತಾರೆ. ಆದರೂ ಆ ದಿನಕ್ಕೆ ಎರಡು ಮುಖಗಳಿವೆ: ಮೂಸಾ ಪ್ರವಾದಿಯವರಿಗೆ ಬಿಡುಗಡೆ ಸಿಕ್ಕ ದಿನವೆಂದು ಸುನ್ನಿಗಳು ಉಪವಾಸ ಹಿಡಿಯುತ್ತಾರೆ, ಶಿಯಾಗಳು ಶೋಕ ಆಚರಿಸುತ್ತಾರೆ. ಶಿಯಾ ಮನಸ್ಸನ್ನು ಅರಿಯಬೇಕೆಂದರೆ ಶಾಸ್ತ್ರಗ್ರಂಥಗಳಿಗಿಂತ ಮೊದಲು ಕರ್ಬಲಾದ ದುಃಖವನ್ನು ಅರಿಯಬೇಕು. ಅಲ್ಲಿಂದ ಮುಂದೆ ಅವರಿಗೆ ಅದು ಅಧಿಕಾರ ತಪ್ಪಿದ ಕಥೆ ಮಾತ್ರವಾಗಿ ಉಳಿಯಲಿಲ್ಲ. ನ್ಯಾಯವಂತ ಸೋತು ಬಿದ್ದಾಗ ನೀನು ಯಾರ ಪಕ್ಕ ನಿಂತಿದ್ದೆ ಎಂಬ ಪ್ರಶ್ನೆಯಾಗಿ ಅದು ಪ್ರತಿ ತಲೆಮಾರಿಗೂ ಎದುರಾಗುತ್ತ ಬಂದಿದೆ.

ಆಯ್ಕೆಯ ತಕರಾರು ಹೀಗೆ ಸಿದ್ಧಾಂತವಾಗಿ ಗಟ್ಟಿಯಾಯಿತು. ಸುನ್ನಿಗಳ ಮಟ್ಟಿಗೆ ವಹೀ, ಅಂದರೆ ದೇವವಾಣಿ, ಪ್ರವಾದಿಯವರೊಂದಿಗೆ ಮುಗಿಯಿತು. ನಂತರದ ದಾರಿ ತೋರುವುದು ಅವರ ಸುನ್ನತ್ (ನಡೆದು ತೋರಿಸಿದ ಮಾದರಿ), ಅದನ್ನು ಕಂಡು ತಲುಪಿಸಿದ ಸಹಾಬಿಗಳು (ಸಂಗಾತಿಗಳು), ವಿದ್ವಾಂಸರ ಒಮ್ಮತ. ಶಿಯಾಗಳೂ ಪ್ರವಾದಿತ್ವ ಮುಗಿಯಿತೆಂದೇ ನಂಬುತ್ತಾರೆ. ಆದರೆ ಗ್ರಂಥದ ಒಳಅರ್ಥವನ್ನು ತಪ್ಪಿಲ್ಲದೆ ಹೇಳಬಲ್ಲ, ದೇವರೇ ಗೊತ್ತುಮಾಡಿದ ಇಮಾಮರು ಪ್ರವಾದಿಯವರ ಮನೆತನದಲ್ಲಿ ಮುಂದುವರಿದರು ಎಂಬುದು ಅವರ ಧರ್ಮದ ಮೂಲತತ್ವಗಳಲ್ಲೇ ಒಂದು. ನಂಬಬಹುದಾದ ಸಾಕ್ಷಿ ಯಾರು ಎಂಬುದು ಬೇರೆಯಾದ್ದರಿಂದ ಹದೀಸ್ ಸಂಕಲನಗಳೂ ಬೇರೆಯಾದವು. ಸುನ್ನಿಗಳಲ್ಲಿ ಬುಖಾರಿ, ಮುಸ್ಲಿಂ ಮೊದಲಾದ ಆರು. ಹನ್ನೆರಡು ಇಮಾಮರ ಶಿಯಾಗಳಲ್ಲಿ ಕುಲೈನಿ, ಇಬ್ನ್ ಬಾಬವೈಹ್, ತೂಸಿ ಈ ಮೂವರು ಸಂಗ್ರಹಿಸಿದ ನಾಲ್ಕು.

ಇದರ ಪರಿಣಾಮ ಮನೆಯೊಳಗಿನ ಕಾನೂನಿನಲ್ಲಿ ಎದ್ದು ಕಾಣುತ್ತದೆ. ಒಬ್ಬ ವ್ಯಕ್ತಿ ಒಬ್ಬಳೇ ಮಗಳನ್ನೂ ಒಬ್ಬ ತಮ್ಮನನ್ನೂ ಬಿಟ್ಟು ತೀರಿಕೊಂಡ ಎನ್ನಿ. ಸುನ್ನಿ ಶಾಸ್ತ್ರದಲ್ಲಿ ಮಗಳಿಗೆ ಅರ್ಧ, ಉಳಿದರ್ಧ ತಮ್ಮನಿಗೆ. ಶಿಯಾ ಶಾಸ್ತ್ರದಲ್ಲಿ ಎಲ್ಲವೂ ಮಗಳಿಗೆ. ಪ್ರವಾದಿಯವರ ಮನೆತನ ಮುಂದುವರಿದದ್ದು ಮಗಳು ಫಾತಿಮಾ ಮೂಲಕ ಎಂಬುದನ್ನು ನೆನೆದರೆ, ಮಗಳ ಹಕ್ಕು ಆ ಪರಂಪರೆಯಲ್ಲಿ ಇಷ್ಟು ಬಲವಾಗಿರುವುದು ಸಹಜವೆನಿಸುತ್ತದೆ. ಲೆಬನಾನಿನಲ್ಲಿ ಹೆಣ್ಣುಮಕ್ಕಳು ಮಾತ್ರ ಇರುವ ಸುನ್ನಿ ತಂದೆಯರು ಕೆಲವರು ಇದಕ್ಕಾಗಿಯೇ ದಾಖಲೆಯಲ್ಲಿ ಶಿಯಾ ಆಗಿದ್ದುಂಟು. ಹಾಗೆಯೇ ತಲಾಕ್‌ಗೆ ಶಿಯಾಗಳಲ್ಲಿ ಇಬ್ಬರು ಸಾಕ್ಷಿಗಳು ಕಡ್ಡಾಯ, ಒಂದೇ ಉಸಿರಿನಲ್ಲಿ ಹೇಳಿದ ಮೂರು ತಲಾಕ್ ಮೂರೆಂದು ಲೆಕ್ಕಕ್ಕೆ ಬರುವುದಿಲ್ಲ. ಸುನ್ನಿಗಳ ನಾಲ್ಕೂ ಮದ್‌ಹಬ್‌ಗಳು ಅದನ್ನು ಮೂರೆಂದೇ ಎಣಿಸಿದವು, ಮಧ್ಯಕಾಲದ ವಿದ್ವಾಂಸ ಇಬ್ನ್ ತೈಮಿಯ್ಯಾ ಅವರಂಥ ಕೆಲವರು ಒಂದೇ ಎಂದರು. ಮುತ್ಆ ಎಂಬ ಅವಧಿ ವಿವಾಹಕ್ಕೆ ಹನ್ನೆರಡು ಇಮಾಮರ ಶಿಯಾಗಳಲ್ಲಿ ಅವಕಾಶವಿದೆ. ಸುನ್ನಿಗಳೂ ಜೈದಿ ಶಿಯಾಗಳೂ ಅದನ್ನು ನಿಷಿದ್ಧವೆನ್ನುತ್ತಾರೆ. ಗಮನಿಸಿದಿರಾ, ಇಲ್ಲಿ ಗೆರೆ ಸುನ್ನಿ-ಶಿಯಾ ನಡುವೆ ಬೀಳುತ್ತಿಲ್ಲ, ಶಿಯಾಗಳ ಒಳಗೇ ಬೀಳುತ್ತಿದೆ.

ಶಿಯಾ ಎಂಬುದೂ ಒಂದೇ ಕವಲಲ್ಲ. ಹುಸೈನರ ಮೊಮ್ಮಗ ಜೈದ್ 740ರಲ್ಲಿ ಕೂಫಾದಲ್ಲಿ ಬಂಡೆದ್ದು ಮಡಿದರು. ಅನ್ಯಾಯದ ವಿರುದ್ಧ ಎದ್ದುನಿಲ್ಲುವ, ವಿದ್ವತ್ತುಳ್ಳ, ಹುಸೈನರ ಅಥವಾ ಅವರ ಅಣ್ಣ ಹಸನರ ವಂಶಜನೇ ಇಮಾಮ್ ಎಂದವರು ಜೈದಿಗಳಾದರು. ಯೆಮೆನ್‌ನಲ್ಲಿ ಅವರ ಇಮಾಮರ ಆಳ್ವಿಕೆ 1962ರವರೆಗೂ ಉಳಿದಿತ್ತು. ಆರನೆಯ ಇಮಾಮ್ ಜಾಫರ್ ಸಾದಿಕ್ 765ರಲ್ಲಿ ತೀರಿಕೊಂಡಾಗ ಮಗ ಇಸ್ಮಾಈಲರ ಕಡೆಯವರು ಇಸ್ಮಾಯಿಲಿಗಳಾದರು, ಇನ್ನೊಬ್ಬ ಮಗ ಮೂಸಾ ಕಾಝಿಮರನ್ನು ಹಿಡಿದವರ ಪರಂಪರೆ ಹನ್ನೆರಡನೆಯ ಇಮಾಮರವರೆಗೆ ಸಾಗಿತು. ಆ ಹನ್ನೆರಡನೆಯವರು 874ರಲ್ಲಿ ಮರೆಯಾದರು, ಕಾಲದ ಕೊನೆಗೆ ಮರಳುತ್ತಾರೆ ಎಂಬುದು ಇಂದು ಇರಾನ್, ಇರಾಕ್, ಲೆಬನಾನ್‌ಗಳ ಬಹುಪಾಲು ಶಿಯಾಗಳ ನಂಬಿಕೆ. ಇಸ್ಮಾಯಿಲಿಗಳು 1094ರಲ್ಲಿ ಮತ್ತೆ ಎರಡಾದರು: ನಿಜಾರಿಗಳಿಗೆ ಆಗಾ ಖಾನ್ ಜೀವಂತ ಇಮಾಮ್, ಇನ್ನೊಂದು ಕವಲಿನಿಂದ ಬಂದ ಬೊಹ್ರಾಗಳಿಗೆ ಇಮಾಮರು ಮರೆಯಲ್ಲಿದ್ದಾರೆ, ಅವರ ಪರವಾಗಿ ದಾಈ ಎಂಬ ಮುಖ್ಯಗುರು ಸಮುದಾಯವನ್ನು ನಡೆಸುತ್ತಾರೆ.

ಜಾಫರ್ ಸಾದಿಕರ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಶಿಯಾ ಶಾಸ್ತ್ರಕ್ಕೆ ಜಾಫರಿ ಎಂಬ ಹೆಸರು ಬಂದದ್ದೇ ಅವರಿಂದ. ಅವರ ತಾಯಿ ಉಮ್ಮು ಫರ್ವಾ ಖಲೀಫ ಅಬೂಬಕ್ಕರರ ಮರಿಮಗಳು. ಸುನ್ನಿ ಇಮಾಮ್ ಮಾಲಿಕ್ ಅವರಿಂದ ಹದೀಸ್ ಪಡೆದರು. ಸೂಫಿಗಳ ನಕ್ಷ್‌ಬಂದಿ ತರೀಖಾದ (ಸಾಧನಾಮಾರ್ಗದ) ಗುರುಸರಪಳಿ ಅಬೂಬಕ್ಕರರಿಂದ ಹೊರಟು ಇದೇ ಜಾಫರ್ ಸಾದಿಕರ ಮೂಲಕ ಹಾದುಬರುತ್ತದೆ. ಉಳಿದ ಹೆಚ್ಚಿನ ಸೂಫಿ ಸರಪಳಿಗಳು ಅಲಿಯವರನ್ನು ಮುಟ್ಟುತ್ತವೆ. ಎರಡು ಪಾಳೆಯಗಳು ಮೊದಲಿನಿಂದಲೂ ಗೋಡೆ ಕಟ್ಟಿಕೊಂಡು ಕೂತಿದ್ದವು ಎನ್ನುವವರಿಗೆ ಈ ಒಬ್ಬರ ಬದುಕನ್ನು ತೋರಿಸಿದರೆ ಸಾಕು.

ಇಬಾದಿಗಳನ್ನು ಜನ ಮರೆತೇಬಿಡುತ್ತಾರೆ. ಖಾರಿಜಿಗಳು ಹುಟ್ಟಿದ ಆ ಬಿಕ್ಕಟ್ಟಿನಲ್ಲೇ ಇವರ ಬೇರೂ ಇದೆ, ಆದರೆ ತಮಗೊಪ್ಪದವರನ್ನೆಲ್ಲ ಕೊಲ್ಲಬಹುದೆಂದ ಉಗ್ರರಿಂದ ಇವರು ಆಗಲೇ ದೂರ ಸರಿದರು. ಮುಂದಾಳು ಪ್ರವಾದಿಯವರ ಬುಡಕಟ್ಟಾದ ಕುರೈಶ್ ಕುಲದವನೇ ಆಗಬೇಕಿಲ್ಲ, ಪ್ರವಾದಿಯ ವಂಶದವನೂ ಆಗಬೇಕಿಲ್ಲ, ಧರ್ಮನಿಷ್ಠನಾದ ಯಾವ ಮುಸ್ಲಿಮನಾದರೂ ಆದೀತು ಎಂಬುದು ಅವರ ನಿಲುವು. ಒಮಾನ್, ಅಲ್ಜೀರಿಯಾದ ಮ್ಝಾಬ್ ಕಣಿವೆ, ಟ್ಯುನೀಶಿಯಾದ ಜೆರ್ಬಾ ದ್ವೀಪಗಳಲ್ಲಿ ಅವರಿದ್ದಾರೆ. ಒಮಾನಿನಲ್ಲಿ ಇಬಾದಿ, ಸುನ್ನಿ, ಶಿಯಾ ಒಂದೇ ಮಸೀದಿಯಲ್ಲಿ ಸಾಲಾಗಿ ನಿಲ್ಲುವುದು ಸುದ್ದಿಯೇ ಅಲ್ಲ.

ಜನಸಂಖ್ಯೆಯ ಲೆಕ್ಕದಲ್ಲಿ ನೂರರಲ್ಲಿ ಸುಮಾರು 85ರಿಂದ 90 ಮುಸ್ಲಿಮರು ಸುನ್ನಿಗಳು, ಉಳಿದವರಲ್ಲಿ ಹೆಚ್ಚಿನವರು ಶಿಯಾಗಳು. ಆದರೆ ಇಂದು ಮಸೀದಿಗಳಲ್ಲಿ ಕೇಳುವ ಬಿಸಿ ವಾದಗಳಲ್ಲಿ ಹೆಚ್ಚಿನವು ಸುನ್ನಿಗಳ ಒಳಗಿನವು. ಭಾರತದಲ್ಲಿ ಹುಟ್ಟಿದ ಎರಡು ಪಂಗಡಗಳಾದ ದೇವಬಂದಿಗಳೂ ಬರೇಲ್ವಿಗಳೂ ಇಬ್ಬರೂ ಅಬೂ ಹನೀಫಾರ ಹಾದಿಯ ಹನಫಿಗಳು, ದೇವತಾಶಾಸ್ತ್ರದಲ್ಲೂ ಒಂದೇ ಪರಂಪರೆಯವರು, ಸೂಫಿ ಸರಪಳಿಗಳನ್ನೂ ಇಬ್ಬರೂ ಒಪ್ಪುತ್ತಾರೆ. ಆದರೂ ಪ್ರವಾದಿಯವರ ಜನ್ಮದಿನ ಆಚರಿಸಬೇಕೇ, ದರ್ಗಾದಲ್ಲಿ ಸಂತರ ಮಧ್ಯಸ್ಥಿಕೆ ಬೇಡಬಹುದೇ ಎಂಬ ವಿಷಯಗಳಲ್ಲಿ ಅವರ ನಡುವೆ ಎದ್ದ ಕಹಿ, ಕೆಲವೊಮ್ಮೆ ಸುನ್ನಿ-ಶಿಯಾ ಕಹಿಯನ್ನೂ ಮೀರಿಸಿದೆ. ಸಲಫಿಗಳಂತೂ ಮದ್‌ಹಬ್‌ಗೆ ಕಟ್ಟುಬೀಳುವುದನ್ನೇ ಪ್ರಶ್ನಿಸುತ್ತಾರೆ. ಹತ್ತಿರದವರ ಜಗಳಕ್ಕೆ ಕಾವು ಹೆಚ್ಚು.

ಎಲ್ಲ ಶಾಖೆಗಳಿಗೂ ಸಮಾನವಾದ ಒಂದು ಎಲ್ಲೆಯೂ ಇದೆ: ಮುಹಮ್ಮದರೇ ಕೊನೆಯ ಪ್ರವಾದಿ. 1889ರಲ್ಲಿ ಮಿರ್ಜಾ ಗುಲಾಮ್ ಅಹ್ಮದ್ ಆರಂಭಿಸಿದ ಅಹ್ಮದಿಯಾ ಪಂಥವನ್ನು ಸುನ್ನಿ, ಶಿಯಾ ವಿದ್ವಾಂಸರಿಬ್ಬರೂ ಹೊರಗಿಡುವುದು ಈ ಕಾರಣಕ್ಕೆ. ಅಹ್ಮದಿಯರು ತಮ್ಮನ್ನು ಮುಸ್ಲಿಮರೆಂದೇ ಹೇಳಿಕೊಳ್ಳುತ್ತಾರೆ. ನಂಬಿಕೆಯ ಎಲ್ಲೆಯನ್ನು ವಿದ್ವಾಂಸರು ಚರ್ಚಿಸುವುದು ಒಂದು ಮಾತು. ಪಾಕಿಸ್ತಾನದ ಸಂವಿಧಾನ 1974ರಲ್ಲಿ ಮಾಡಿದಂತೆ ಸರ್ಕಾರವೇ ಆ ಎಲ್ಲೆ ಎಳೆದು, ಮುಂದೆ ಅದರ ಮೇಲೆ ಶಿಕ್ಷೆಯ ಕಾನೂನು ಕಟ್ಟಿದ್ದು ಇನ್ನೊಂದು. ಎರಡನೆಯದನ್ನು ನಾನು ಒಪ್ಪುವುದಿಲ್ಲ.

ಅಲ್ಲಿಗೆ ನಿಮ್ಮ ಧರ್ಮವೋ ರಾಜಕೀಯವೋ ಎಂಬ ಪ್ರಶ್ನೆಗೆ ಬಂದೆವು. ಭೇದ ಹುಟ್ಟಿದಾಗ ಧರ್ಮವೂ ರಾಜಕೀಯವೂ ಬೇರೆಬೇರೆಯಾಗಿರಲಿಲ್ಲ, ಆದ್ದರಿಂದ ಮೂಲದ ಬಗ್ಗೆ ಹಾಗೆ ಸೀಳಿ ಹೇಳಲಾಗದು. ಆದರೆ ಕತ್ತಿ ಎತ್ತಿದ್ದು ಯಾವಾಗ ಎಂದು ನೋಡಿದರೆ ಚಿತ್ರ ಸ್ಪಷ್ಟ. ಇರಾನ್ ಬಹುಮಟ್ಟಿಗೆ ಸುನ್ನಿ ನಾಡಾಗಿತ್ತು. 1501ರಲ್ಲಿ ಪಟ್ಟಕ್ಕೇರಿದ ಸಫವಿ ಅರಸ ಷಾ ಇಸ್ಮಾಯಿಲ್ ಶಿಯಾ ಪಂಥವನ್ನು ರಾಜ್ಯಧರ್ಮವೆಂದು ಸಾರಿದ, ಬಲವಂತವನ್ನೂ ಬಳಸಿದ. ಪಕ್ಕದ ಸುನ್ನಿ ಉಸ್ಮಾನಿ (ಒಟ್ಟೊಮನ್) ಸಾಮ್ರಾಜ್ಯಕ್ಕೂ ಅವನಿಗೂ 1514ರಲ್ಲಿ ಚಾಲ್ದಿರಾನ್‌ನಲ್ಲಿ ಯುದ್ಧವಾಯಿತು. ಎರಡು ಸಾಮ್ರಾಜ್ಯಗಳ ಗಡಿಜಗಳ ಎರಡು ಪಂಥಗಳ ಜಗಳದ ವೇಷ ತೊಟ್ಟಿತು, ಎರಡೂ ಕಡೆ ಫತ್ವಾಗಳು ಹೊರಟವು. ಅದೇ ಇರಾನಿನ ನಾದಿರ್ ಷಾ 1743ರಲ್ಲಿ ಉಸ್ಮಾನಿಗಳೊಡನೆ ಸಂಧಿ ಬೇಕಾದಾಗ ನಜಫ್‌ನಲ್ಲಿ ಎರಡೂ ಕಡೆಯ ಉಲಮಾಗಳನ್ನು (ಧರ್ಮವಿದ್ವಾಂಸರನ್ನು) ಕೂರಿಸಿ, ಜಾಫರಿಯನ್ನು ಐದನೆಯ ಮದ್‌ಹಬ್ ಎಂದು ಒಪ್ಪಿಸಲು ನೋಡಿದ. ಅರಸರಿಗೆ ಯುದ್ಧ ಬೇಕಾದಾಗ ಭೇದ, ಶಾಂತಿ ಬೇಕಾದಾಗ ಐಕ್ಯ.

ನಮ್ಮ ಕಾಲದ ಉದಾಹರಣೆ ಇನ್ನೂ ಚುರುಕಾಗಿದೆ. 1980ರಿಂದ 1988ರವರೆಗೆ ನಡೆದ ಇರಾನ್-ಇರಾಕ್ ಯುದ್ಧದಲ್ಲಿ ಇರಾಕಿನ ಸಾಮಾನ್ಯ ಸೈನಿಕರಲ್ಲಿ ಬಹುಪಾಲು ಶಿಯಾಗಳೇ. ಅವರು ಶಿಯಾ ಇರಾನಿನ ವಿರುದ್ಧ ಹೋರಾಡಿದರು. ಪಂಥವೇ ಎಲ್ಲವನ್ನೂ ತೀರ್ಮಾನಿಸುವುದಾಗಿದ್ದರೆ ಅದು ಸಾಧ್ಯವೇ? 2003ರಲ್ಲಿ ಸರ್ಕಾರವೇ ಕುಸಿದು ಅಧಿಕಾರ ಹಂಚಿಕೆಯ ಪೈಪೋಟಿ ಶುರುವಾದ ಮೇಲೆ, ಅದರಲ್ಲೂ 2006ರ ಫೆಬ್ರವರಿಯಲ್ಲಿ ಸಮರ್ರಾದಲ್ಲಿ ಶಿಯಾಗಳಿಗೆ ಪವಿತ್ರವಾದ ಅಸ್ಕರಿ ದರ್ಗಾದ ಗುಮ್ಮಟವನ್ನು ಸ್ಫೋಟಿಸಿದ ಮೇಲೆ, ಬಾಗ್ದಾದಿನಲ್ಲಿ ಅಕ್ಕಪಕ್ಕ ಬದುಕಿದ್ದ, ಮದುವೆಯ ನಂಟು ಬೆಳೆಸಿದ್ದ ಸುನ್ನಿ-ಶಿಯಾ ಕುಟುಂಬಗಳು ಕೇರಿ ಬಿಟ್ಟು ಓಡಬೇಕಾಯಿತು. ಗದೀರಿನ ಪದದ ಅರ್ಥ ಆ ಕೇರಿಗಳಲ್ಲಿ ನೂರಾರು ವರ್ಷಗಳಿಂದ ಬೇರೆಬೇರೆಯಾಗಿಯೇ ಇತ್ತು. ಬದಲಾದದ್ದು ಬೇರೆ. ಹಾಗೆಂದು ಧರ್ಮವನ್ನು ಪೂರ್ತಿ ಖುಲಾಸೆ ಮಾಡಲಾರೆ: ತನಗೊಪ್ಪದ ಮುಸ್ಲಿಮನನ್ನು ಕಾಫಿರ್ ಎಂದು ಸಾರುವ ತಕ್ಫೀರ್ ಎಂಬ ಆಯುಧ ಶಾಸ್ತ್ರದ ಭಾಷೆಯಲ್ಲೇ ಇದೆ, ಮಸೀದಿಯ ಪೀಠದಿಂದ ಅದನ್ನು ಬೀಸಿದವರೂ ಇದ್ದಾರೆ.

ಆ ಆಯುಧವನ್ನು ಕಿತ್ತುಕೊಳ್ಳಲು ನಡೆದ ಪ್ರಯತ್ನಗಳು ಕಡಿಮೆಯಿಲ್ಲ. ಕೈರೋದ ಅಲ್-ಅಝ್ಹರ್ ಇಂದು ಸುನ್ನಿ ಜಗತ್ತಿನ ದೊಡ್ಡ ವಿದ್ಯಾಪೀಠ. ಅದನ್ನು ಹತ್ತನೆಯ ಶತಮಾನದಲ್ಲಿ ಕಟ್ಟಿದವರು ಇಸ್ಮಾಯಿಲಿ ಶಿಯಾಗಳಾದ ಫಾತಿಮಿ ಅರಸರು. 1959ರಲ್ಲಿ ಅದರ ಮುಖ್ಯಸ್ಥರಾಗಿದ್ದ ಮಹಮೂದ್ ಶಲ್ತೂತ್, ಜಾಫರಿ ಶಾಸ್ತ್ರದಂತೆ ಆರಾಧನೆ ಮಾಡುವುದೂ ಸುನ್ನಿ ಮದ್‌ಹಬ್‌ಗಳಂತೆಯೇ ಸಿಂಧು ಎಂದು ಫತ್ವಾ ಕೊಟ್ಟರು. 2004ರಲ್ಲಿ ಜೋರ್ಡಾನಿನಿಂದ ಹೊರಟ ಅಮ್ಮಾನ್ ಸಂದೇಶದ ಮುಂದುವರಿಕೆಯಾಗಿ 2005ರ ಜುಲೈಯಲ್ಲಿ ಐವತ್ತು ದೇಶಗಳ ಸುಮಾರು 200 ವಿದ್ವಾಂಸರು ಸೇರಿ ಎಂಟು ಮದ್‌ಹಬ್‌ಗಳನ್ನು ಹೆಸರಿಸಿದರು: ಹನಫಿ, ಮಾಲಿಕಿ, ಶಾಫಿಈ, ಹಂಬಲಿ, ಜಾಫರಿ, ಜೈದಿ, ಇಬಾದಿ, ಝಾಹಿರಿ. ಇವುಗಳಲ್ಲಿ ಯಾವುದನ್ನು ಅನುಸರಿಸುವವರಾದರೂ ಮುಸ್ಲಿಮರೇ, ಅವರನ್ನು ಕಾಫಿರ್ ಎನ್ನಕೂಡದು, ಅವರ ಪ್ರಾಣ, ಮಾನ, ಆಸ್ತಿ ಅಲಂಘ್ಯ ಎಂದರು. ಇದರಿಂದ ಬಾಂಬುಗಳು ನಿಲ್ಲಲಿಲ್ಲ, ಅದು ನಿಜ. ಆದರೆ ಬಾಂಬಿಟ್ಟವನು ತಾನು ಇಸ್ಲಾಮಿನ ಒಮ್ಮತದ ಪರ ಎಂದು ಹೇಳಿಕೊಳ್ಳುವ ಬಾಗಿಲು ಮುಚ್ಚಿತು. ನನಗೆ ಅದು ಸಣ್ಣ ವಿಷಯವಲ್ಲ.

ಇನ್ನುಳಿದದ್ದು ಒಬ್ಬರ ಹಿಂದೆ ಇನ್ನೊಬ್ಬರು ನಮಾಜ್ ಮಾಡುವ ಪ್ರಶ್ನೆ. ಶಾಸ್ತ್ರಗ್ರಂಥಗಳಲ್ಲಿ ಬಿಗಿಯಾದ ಅಭಿಪ್ರಾಯಗಳೂ ಇವೆ, ಸಡಿಲವಾದವೂ ಇವೆ. ಒಂದು ಕಾಲಕ್ಕೆ ಸುನ್ನಿಗಳೇ ಬೇರೆಬೇರೆ ನಿಲ್ಲುತ್ತಿದ್ದರು. 1183ರಲ್ಲಿ ಮಕ್ಕಾಕ್ಕೆ ಬಂದ ಪ್ರವಾಸಿ ಇಬ್ನ್ ಜುಬೈರ್, ಕಅಬಾದ ಸುತ್ತ ನಾಲ್ಕು ಮದ್‌ಹಬ್‌ಗಳಿಗೆ ನಾಲ್ವರು ಇಮಾಮರು, ಐದನೆಯವರಾಗಿ ಜೈದಿಗಳ ಇಮಾಮ್ ಸಹ ಇದ್ದುದನ್ನು ಬರೆದಿಟ್ಟಿದ್ದಾರೆ. ಆ ಪ್ರತ್ಯೇಕ ಜಮಾಅತ್‌ಗಳು (ಸಾಮೂಹಿಕ ನಮಾಜ್‌ಗಳು) ಪೂರ್ತಿ ಹೋಗಿ ಒಬ್ಬರೇ ಇಮಾಮರ ಹಿಂದೆ ಎಲ್ಲರೂ ನಿಲ್ಲತೊಡಗಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಸೌದಿಗಳ ಆಳ್ವಿಕೆ ಬಂದ ಮೇಲೆ. ಹಜ್ಜ್‌ಗೆ ಹೋದ ಶಿಯಾಗಳು ಮಕ್ಕಾ ಮದೀನಾಗಳಲ್ಲಿ ಅಲ್ಲಿನ ಸುನ್ನಿ ಇಮಾಮರ ಹಿಂದೆಯೇ ಜಮಾಅತ್‌ನಲ್ಲಿ ನಿಲ್ಲಬೇಕು ಎಂದು ಇರಾನಿನ ಖೊಮೇನಿ ಕೂಡ ಸೂಚಿಸಿದ್ದರು.

ಇದಕ್ಕೆಲ್ಲ ಹಳೆಯ ಮಾದರಿಯೊಂದಿದೆ. ಹಜ್ಜ್‌ನಲ್ಲಿ ಮಿನಾ ಎಂಬಲ್ಲಿ ಪ್ರವಾದಿಯವರು, ಅಬೂಬಕ್ಕರ್, ಉಮರ್ ಮೂವರೂ ಪ್ರಯಾಣಿಕರೆಂದು ನಾಲ್ಕು ರಕಅತ್‌ಗಳ (ಆವರ್ತನೆಗಳ) ನಮಾಜನ್ನು ಎರಡಕ್ಕಿಳಿಸಿ ಮಾಡುತ್ತಿದ್ದರು. ಖಲೀಫ ಉಸ್ಮಾನ್ ಕೆಲವು ವರ್ಷಗಳ ನಂತರ ನಾಲ್ಕನ್ನೂ ಪೂರ್ತಿ ಮಾಡತೊಡಗಿದರು. ಹಿರಿಯ ಸಹಾಬಿ ಇಬ್ನ್ ಮಸ್ಊದರಿಗೆ ಅದು ಸರಿಬರಲಿಲ್ಲ, ತಪ್ಪೆಂದು ಬಾಯಿಬಿಟ್ಟೇ ಹೇಳಿದರು. ಹೇಳಿ, ಹೋಗಿ ಉಸ್ಮಾನರ ಹಿಂದೆ ನಿಂತು ನಾಲ್ಕು ರಕಅತ್ ಮಾಡಿದರು. ತಪ್ಪೆಂದವರು ನೀವೇ, ಮಾಡಿದವರೂ ನೀವೇ, ಹೇಗೆ ಎಂದು ಜನ ಕೇಳಿದಾಗ ಅವರು, ಒಡಕು ಕೆಟ್ಟದ್ದು ಎಂದರು. ಅಭಿಪ್ರಾಯ ಬದಲಿಸಲಿಲ್ಲ, ಸಾಲೂ ಬಿಡಲಿಲ್ಲ.

ನಿಮ್ಮ ಸಹೋದ್ಯೋಗಿಗಳು ಅಕ್ಕಪಕ್ಕ ನಿಂತಿದ್ದರು ಎಂದು ಬರೆದಿದ್ದೀರಿ. ಇಬ್ಬರೂ ಮುಖ ಮಾಡಿದ್ದು ಮಕ್ಕಾದ ಕಡೆಗೇ, ಅದೇ ಏಳು ವಾಕ್ಯಗಳ ಫಾತಿಹಾ ಓದಿದರು, ಮಧ್ಯಾಹ್ನದ ನಮಾಜ್ ಆಗಿದ್ದರೆ ಇಬ್ಬರದೂ ನಾಲ್ಕು ರಕಅತ್. ಮುಗಿಸುವ ಮೊದಲು ಇಬ್ಬರೂ ಪ್ರವಾದಿಯವರ ಮೇಲೂ ಅವರ ಕುಟುಂಬದ ಮೇಲೂ ಕೃಪೆಯಿರಲಿ ಎಂದು ಬೇಡಿಕೊಂಡಿರುತ್ತಾರೆ. 'ಅವರ ಕುಟುಂಬದ ಮೇಲೂ' ಎಂಬ ಮಾತು ಸುನ್ನಿಯ ನಮಾಜಿನಲ್ಲೂ ಇದೆ. ಇನ್ನೊಮ್ಮೆ ಭೇಟಿಯಾದಾಗ ಆ ಮಣ್ಣಿನ ಬಿಲ್ಲೆ ಎಲ್ಲಿಂದ ತಂದಿರಿ ಎಂದು ಅವರನ್ನೇ ಕೇಳಿ ನೋಡಿ. ಕರ್ಬಲಾದಿಂದ ತಂದದ್ದಾಗಿದ್ದರೆ ಆ ಕಥೆಯನ್ನು ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.